ಹಾಳೆಯ ಅಟ್ಟೆ

೧೯೯೨ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ಇಯತ್ತೆ ಇನ್ನೂ ಅರ್ಧ ಬಾಕಿ ಇತ್ತು. ಬಡತನಕ್ಕೆ ಬಿಟ್ಟೆ ಎಂದರೆ ಕೇಳುವವರಿಗೆ ಅನುಕೂಲ, 'ಛೆ, ಪಾಪ' ಎಂದು ಮುಂದೆ ಹೋಗಬಹುದು. ನಿಜ ಹಾಗಿಲ್ಲ. ಆ ವರ್ಷ ಹೇರೂರಿನ ಒಂದು ಮದುವೆಗೆ ನನ್ನ ಸೋದರಮಾವ ಸುಬ್ರಾಯ ಮಾವ ಅಡಿಗೆ ಹಿಡಿದಿದ್ದ. ಕಾಯಿ ತುರಿಯಲು ಜನ ಸಾಲದೆ ನನ್ನನ್ನೂ ಎಬ್ಬಿಸಿಕೊಂಡು ಹೋದ. ಮಧ್ಯಾಹ್ನ ಪಂಕ್ತಿಯಲ್ಲಿ ಕೂತವರೊಬ್ಬರು ನಾನು ಕಲಸಿದ ಗೊಜ್ಜನ್ನು ಎರಡನೇ ಸಲ ಬಡಿಸಿಕೊಂಡರು, ಮೂರನೇ ಸಲಕ್ಕೂ ಎಲೆಯ ಮೂಲೆ ತೋರಿಸಿದರು. ಶಾಲೆಯಲ್ಲಿ ನಾನು ಬರೆದದ್ದನ್ನು ಯಾವ ಮಾಸ್ತರರೂ ಎರಡನೇ ಸಲ ಕೇಳಿದ್ದಿಲ್ಲ. ಸೋಮವಾರ ಪಾಟೀಚೀಲ ಗೂಟಕ್ಕೆ ನೇತುಹಾಕಿದೆ, ಮಾವನ ಜೋಳಿಗೆ ಹೆಗಲಿಗೆ ಹಾಕಿಕೊಂಡೆ. ಆಮೇಲೆ ಕೂತು ಉಂಡವನಲ್ಲ ನಾನು. ನಿಂತು ಬಡಿಸಿ, ನಿಂತು ಬೇಯಿಸಿ ದುಡಿದವನು. ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ, ನೀವು ಹಾಗೇ ಕೇಳಿಕೊಳ್ಳಬೇಕು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಹೆಂಡತಿ. ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಮುಂಚೆ ಅಟ್ಟ ಗುಡಿಸಲು ಹತ್ತಿದ ಸಾವಿತ್ರಿ ಒಂದು ಗಂಟನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಏಣಿ ಇಳಿದಳು. ಬಾಳೆನಾರಿನಲ್ಲಿ ಸುತ್ತಿದ ಗಂಟು. ಒಳಗೆ ಶೂವಿನೊಳಗೆ ಹಾಕುವ ನೀಲಿ ಅಟ್ಟೆ ಒಂದು ಜೊತೆ. ತುದಿಯಲ್ಲಿ ಇಲಿ ಕಚ್ಚಿದ ಹಾಗೆ ಕಚ್ಚುಕಚ್ಚು. ಅದರ ಮೈಗೆ ಅಂಟಿಕೊಂಡಂತೆ ಇನ್ನೊಂದು ಜೊತೆ, ಅಡಿಕೆಯ ಹಾಳೆಯದು, ಪಾದದ ಆಕಾರಕ್ಕೆ ಕತ್ತರಿಸಿ ನಡುವೆ ಗುಬ್ಬಿಯ ಬೆನ್ನಿನಂತೆ ಉಬ್ಬಿಸಿದ್ದು.

"ಇದೆಂತದು? ಇಟ್ಕಂಬುದ, ಒಲೆಗೆ ಹಾಕುದ?" ಎಂದಳು.

'ಇಡು' ಎಂದೆ. ಎಷ್ಟು ಜೋರಾಗಿ ಎಂದೆನೋ, ದೇವರ ಪೆಟ್ಟಿಗೆಯ ಸಾಮಾನಿರಬೇಕು ಎಂದುಕೊಂಡು ಅವಳು ಇನ್ನೊಂದು ಕೈಯನ್ನೂ ಕೊಟ್ಟು ಹಿಡಿದಳು. ಆಮೇಲೆ ಮೂಸಿ ನೋಡಿ ಕೆಳಗಿಟ್ಟಳು.

ನನ್ನ ಪಾದದ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಕಾಲು ಒದ್ದೆ ಮಾಡಿ ಒಣ ನೆಲದ ಮೇಲೆ ಊರಿ ನೋಡಿ. ಮುಂದೆ ಬೆರಳು, ಹಿಂದೆ ಹಿಮ್ಮಡಿ, ಎರಡನ್ನೂ ಸೇರಿಸುವ, ಹಳ್ಳದ ಕಾಲುಸೇತುವೆಯಂಥ ಒಂದು ಸಪೂರ ಸಂಕ. ಒಳಬದಿ ಖಾಲಿ. ಎಲ್ಲರ ಹೆಜ್ಜೆಯೂ ಹೀಗೇ ಇರುತ್ತದೆ. ನನ್ನದರಲ್ಲಿ ಖಾಲಿ ಎಂಬುದೇ ಇಲ್ಲ. ಸಂಕ ಇಲ್ಲ, ಪೂರ್ತಿ ಭರ್ತಿ. ಆಯಿ, ಅಂದರೆ ನನ್ನ ಅಮ್ಮ, ಸಗಣಿ ಸಾರಿಸಿದ ನೆಲ ಆರುವ ಮುಂಚೆ ಯಾರಾದರೂ ದಾಟಿದರೆ ನಮ್ಮ ಮನೆಯಲ್ಲಿ ವಿಚಾರಣೆಯೇ ಬೇಡವಾಗಿತ್ತು. ಅಣ್ಣ ದಾಟಿದರೆ ಅಕ್ಕನ ಮೇಲೆ ಹಾಕಬಹುದು, ಅಕ್ಕ ದಾಟಿದರೆ ಅಣ್ಣನ ಮೇಲೆ. ನಾನು ದಾಟಿದರೆ ಮಾತ್ರ ಆಯಿ ತಲೆಯೆತ್ತದೆ, "ರೊಟ್ಟಿ ತಟ್ಟಿಟ್ಟಾಂಗೆ ಇದ್ದು, ನಾಣಿದೇ" ಎನ್ನುತ್ತಿದ್ದಳು. ಬೆಲ್ಲದ ಡಬ್ಬಿಯ ದಾರಿಯಲ್ಲಿ ನನಗಾದ ನಷ್ಟ ಅಷ್ಟಿಷ್ಟಲ್ಲ. ಕಳ್ಳನಾಗುವ ಯೋಗ್ಯತೆ ನನ್ನ ಪಾದಕ್ಕೆ ಹುಟ್ಟಿನಿಂದಲೇ ಇರಲಿಲ್ಲ, ಹಾಗಾಗಿ ಮರ್ಯಾದಸ್ತನಾದೆ.

ಆಗೆಲ್ಲ ಅಡಿಗೆಗೆ ಹೋಗುವುದೆಂದರೆ ನಡೆಯುವುದು. ಹೆಗ್ಗರಣೆಯ ನಮ್ಮ ಮನೆಯಿಂದ ಸಿದ್ದಾಪುರದ ಮೂಲೆ, ಶಿರಸಿಯ ಮೂಲೆ, ಬಸ್ಸು ಇಳಿಸಿದಲ್ಲಿಂದ ಗುಡ್ಡ ಹತ್ತಿ ಹೊಳೆ ದಾಟಿ ಹೋಗುವುದು. ಮಾವ ದೂರವನ್ನು ಕವಳದಲ್ಲಿ ಅಳೆಯುತ್ತಿದ್ದ. ಒಂದು ಸಲ ಎಲೆ ಅಡಿಕೆ ಬಾಯಿಗೆ ಹಾಕಿದರೆ ರಸ ಮುಗಿಯುವ ತನಕ ನಡೆದಷ್ಟು ದೂರ ಒಂದು ಕವಳ. ಹೇರೂರು ಮೂರು ಕವಳ. ಏರು ದಾರಿಯಾದರೆ ನಾಲ್ಕು, ಯಾಕೆಂದರೆ ಏದುಸಿರಲ್ಲಿ ಬೇಗ ಉಗುಳುತ್ತೇವೆ. ನನಗೆ ಈಗಲೂ ಮೈಲಿಗಲ್ಲಿಗಿಂತ ಈ ಲೆಕ್ಕದ ಮೇಲೇ ನಂಬಿಕೆ.

ಮಾವ ಎಲ್ಲಿಗಾದರೂ ಬರಿಗಾಲಲ್ಲೇ ನಡೆಯುತ್ತಿದ್ದ. ನಾನು ಹವಾಯಿ ಚಪ್ಪಲಿಯವನು. ಆದರೆ ಒಲೆಯ ಹತ್ತಿರ ಇಬ್ಬರೂ ಒಂದೇ. ನಮ್ಮಲ್ಲಿ ಅಡಿಗೆಯ ಜಾಗಕ್ಕೆ ಮೆಟ್ಟು ಬರುವ ಹಾಗಿಲ್ಲ. ಮನೆಯೊಳಗಿನ ಒಲೆಗೆ ಮಾತ್ರ ಅಲ್ಲ, ಅಂಗಳದ ಚಪ್ಪರದ ಕೆಳಗೆ ನೆಲ ಅಗೆದು ಮಾಡಿದ ಉದ್ದ ಒಲೆಗೂ ಅದೇ ಕಾನೂನು. ಕಾಡಿನಲ್ಲಿ ಮೂರು ಕಲ್ಲು ಜೋಡಿಸಿ ಬೆಂಕಿ ಹಚ್ಚಿದರೂ ಆ ಮೂರು ಕಲ್ಲಿನ ಸುತ್ತ ಮಾವನ ಕಣ್ಣಿಗೆ ಗೋಡೆ ಎದ್ದು ನಿಲ್ಲುತ್ತಿತ್ತು. ಚಪ್ಪಲಿ ಆ ಗೋಡೆಯ ಆಚೆ. ಬೆಳಗಿನ ಜಾವದಿಂದ ಕೊನೆಯ ಪಂಕ್ತಿ ಏಳುವವರೆಗೆ ಕಲ್ಲುನೆಲದ ಮೇಲೆ ಬರಿಗಾಲು. ಮಾವನದು ಒಂದು ಮಾತಿತ್ತು:

"ನಿಂತ್ಕಂಬಲೆ ಆಗದವ ಅಡಿಗೆಯವ ಅಲ್ಲ, ಉಂಬಲೆ ಬಂದವ."

ಮಾವ ನಿಲ್ಲುವ ಭಂಗಿಯೇ ಬೇರೆ. ಬಲಗೈಯಲ್ಲಿ ಆಳೆತ್ತರದ ಹಿಡಿಕೆಯ ಸಟ್ಟುಗ, ಎಡಗಾಲು ಒಂದು ಸೌದೆ ಕುಂಟೆಯ ಮೇಲೆ. ಸ್ವಲ್ಪ ಹೊತ್ತಿಗೆ ಬಲಗಾಲು ಕುಂಟೆಯ ಮೇಲೆ, ಎಡಗಾಲು ನೆಲಕ್ಕೆ. ಕೊಪ್ಪರಿಗೆಯ ಹಬೆಯಲ್ಲಿ ಹಾಗೆ ನಿಂತವನನ್ನು ನೋಡಿದರೆ ಯಕ್ಷಗಾನದ ರಾಜ ಒಡ್ಡೋಲಗಕ್ಕೆ ಬಂದಂತೆ ಇರುತ್ತಿತ್ತು. ನಾನೂ ಕುಂಟೆ ಹುಡುಕಿ ಹಾಗೇ ನಿಲ್ಲಲು ಕಲಿತೆ. ಗೌರವ ಬರುವುದು ಕುಂಟೆಯಿಂದ ಎಂದೇ ನಂಬಿದ್ದೆ. ಒಂದು ಉಪನಯನದಲ್ಲಿ ಅದು ಉರುಳಿ ನಾನು ಹುಳಿಯ ಪಾತ್ರೆಯನ್ನು ಅಪ್ಪಿಕೊಂಡ ಮೇಲೂ ನಂಬಿಕೆ ಹೋಗಲಿಲ್ಲ.

ಹತ್ತು ವರ್ಷ ಹೀಗೆ ನಿಂತೆ. ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಬೆಳಿಗ್ಗೆ ಚಾಪೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಸೂಜಿ ಹೊಡೆದಂತಾಗಲು ಶುರುವಾಯಿತು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ, ಒಲೆಯ ಮುಂದೆ ನಿಂತರೆ ಮತ್ತೆ ಜೋರು. ಆಯಿ ಇಟ್ಟಿಗೆ ಕಾಯಿಸಿ, ಎಕ್ಕದ ಎಲೆ ಹಾಸಿ, ಅದರ ಮೇಲೆ ಕಾಲಿಡಿಸಿದಳು. ಇಟ್ಟಿಗೆ ಬಿಸಿ ಇರುವವರೆಗೆ ಸ್ವರ್ಗ, ಆರಿದ ಮೇಲೆ ಪುನಃ ಸಿದ್ದಾಪುರ ತಾಲೂಕು. ಮಾವನಿಗೆ ಹೇಳಲಿಲ್ಲ. ಹೇಳದಿರಲು ಬಲವಾದ ಕಾರಣ ಇತ್ತು. ಮಾವನಿಗೆ ಗಂಡುಮಕ್ಕಳಿಲ್ಲ, ವಯಸ್ಸು ಅರವತ್ತರ ಹತ್ತಿರ. ಆ ಉದ್ದ ಸಟ್ಟುಗ, ಕೊಪ್ಪರಿಗೆಗಳು, 'ಸುಬ್ರಾಯ ಭಟ್ಟರ ಅಡಿಗೆ' ಎಂಬ ಹೆಸರು, ಇಷ್ಟನ್ನೂ ನನಗೋ ಅಥವಾ ಹೇರೂರಿನಲ್ಲಿದ್ದ ಅವನ ಇನ್ನೊಬ್ಬ ತಂಗಿಯ ಮಗನಿಗೋ ವಹಿಸಿ ಕೂರುತ್ತೇನೆ ಎಂದು ಹೇಳತೊಡಗಿದ್ದ. ಹೇರೂರಿನವನ ಕೈರುಚಿ ಸಾಧಾರಣ. ಕಾಲು ಮಾತ್ರ ಕಂಬದ ಹಾಗೆ.

ಅದೇ ಸಮಯಕ್ಕೆ ಹುಬ್ಬಳ್ಳಿಯ ನಡೆಯುವವರು ಬಂದರು. ಬಸ್ಸಿಗೆ ದುಡ್ಡಿದ್ದೂ ನಡೆಯುವ ಜನರನ್ನು ನಾನು ಮೊದಲು ನೋಡಿದ್ದು ಆಗ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬೆನ್ನಿಗೆ ದೊಡ್ಡ ದೊಡ್ಡ ಚೀಲ ಕಟ್ಟಿಕೊಂಡು, ಹೆಗ್ಗರಣೆಯ ಹತ್ತಿರದ ಉಂಚಳ್ಳಿ ಜಲಪಾತದಿಂದ ಹೊರಟು, ಶಿರಸಿಯ ಕಡೆಯ ಹಳ್ಳಿಗಳಲ್ಲಿ ತಂಗುತ್ತ, ಕಾಡುದಾರಿಯಲ್ಲಿ ಯಲ್ಲಾಪುರದ ತನಕ ನಡೆಯುವುದು ಅವರ ಪದ್ಧತಿ. ರಾತ್ರಿಯ ಅಡಿಗೆಯ ಸಾಮಾನು ಜೀಪಿನಲ್ಲಿ ಮುಂದೆ ಹೋಗುತ್ತಿತ್ತು. ಮಧ್ಯಾಹ್ನದ ಊಟ ಕಾಡಿನ ಹಳ್ಳದ ಬದಿಯಲ್ಲಿ ಆಗಬೇಕು, ಅಲ್ಲಿಗೆ ಜೀಪು ಬರುವುದಿಲ್ಲ. ಹಾಗಾಗಿ ಅಡಿಗೆಯವರೂ ಅಕ್ಕಿ ಬೇಳೆ ಹೊತ್ತು ಜೊತೆಗೆ ನಡೆಯಬೇಕು. ಮಾವನಿಗೆ ಜೀಪಿನಲ್ಲಿ ಜಾಗ ಇತ್ತು, ಹತ್ತಲಿಲ್ಲ. ಅವನು ಹತ್ತದ ಮೇಲೆ ನಾನು ಹತ್ತುವ ಮಾತೆಲ್ಲಿ?

ತಂಡದ ಮುಂದಾಳು ಪಾಟೀಲ ಅಕ್ಕೋರು. ಶಾಲೆಯಲ್ಲಿ ಡ್ರಿಲ್ಲು ಹೇಳಿಕೊಡುತ್ತಿದ್ದವರು, ನಿವೃತ್ತರು, ಕೊರಳಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದು ನಾನು ಕೇಳಲಿಲ್ಲ; ಊದುವ ಅಗತ್ಯವೇ ಬೀಳದಂಥ ಗಂಟಲು. ಮೊದಲ ದಿನವೇ ಹಳ್ಳದಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹಿಂದೆ ಬಂದು ನಿಂತು ನೋಡಿದರು. ನಾನು ಹಿಮ್ಮಡಿ ಎತ್ತಿ, ಪಾದದ ಹೊರ ಅಂಚಿನ ಮೇಲೆ ನಿಂತಿದ್ದೆ, ಕೊಕ್ಕರೆಯ ಹಾಗೆ.

"ಏನ್ರಿ ಭಟ್ರ, ಕಾಲ್ ಯಾಕ್ ಹಂಗ ಇಟ್ಟೀರಿ?"

ಏನಿಲ್ಲ ಎಂದೆ. ಬಂಡೆಯ ಮೇಲೆ ಬಂದು ನಿಲ್ಲಲು ಹೇಳಿದರು. ಡ್ರಿಲ್ಲಿನ ಅಕ್ಕೋರು ನಿಲ್ಲು ಎಂದರೆ ಶಾಲೆ ಬಿಟ್ಟವನೂ ನಿಲ್ಲುತ್ತಾನೆ. ನಾನು ಕಾಲೆತ್ತಿದ ಮೇಲೆ ಬಂಡೆಯ ಮೇಲೆ ಉಳಿದ ಒದ್ದೆ ಗುರುತನ್ನು ಬಗ್ಗಿ ನೋಡಿ ಅಂದರು:

"ಅಯ್ಯ, ಇದು ಪಾದ ಅಲ್ರಿ, ಭಕ್ರಿ ಐತಿ."

ಆಯಿ ಸಿದ್ದಾಪುರದಲ್ಲಿ ಕೊಟ್ಟ ಹೆಸರನ್ನೇ ಇವರು ಹುಬ್ಬಳ್ಳಿಯಿಂದ ಹೊತ್ತು ತಂದಿದ್ದರು. ಆಮೇಲೆ ಅವರು ತಮ್ಮ ಶೂ ಬಿಚ್ಚಿ ಒಳಗಿನಿಂದ ನೀಲಿ ಅಟ್ಟೆಯನ್ನು ಎಳೆದು ತೋರಿಸಿದರು. ಶೂ ಕೊಳ್ಳುವಾಗ ಒಳಗೆ ಬರುವ ತೆಳು ಅಟ್ಟೆ ಅಲ್ಲ ಇದು. ಅದನ್ನು ತೆಗೆದು ಅದರ ಜಾಗಕ್ಕೆ ಹಾಕುವಂಥದ್ದು. ಹಿಮ್ಮಡಿ ಕೂರಲು ಬಟ್ಟಲಿನಂಥ ತಗ್ಗು, ಪಾದದ ನಡುವಿಗೆ ಗಟ್ಟಿ ಉಬ್ಬು. ಬೆನ್ನಿನ ಮೇಲೆ ಭಾರ ಹೊತ್ತು ಇಳಿಜಾರು ಇಳಿಯುವಾಗ ಪಾದ ಕುಸಿಯದ ಹಾಗೆ ಆ ಉಬ್ಬು ಎತ್ತಿ ಹಿಡಿಯುತ್ತದಂತೆ. ಅವರ ಯಜಮಾನರು ಬರುವವರಿದ್ದರು, ಬರಲಿಲ್ಲ. ಅವರಿಗೆಂದು ತಂದ ಹೊಸ ಜೊತೆ ಚೀಲದಲ್ಲಿದೆ, ತಗೊಳ್ಳಿ ಎಂದರು.

ನಾನು ಬೇಡ ಎಂದೆ. ಒಂದು, ಯಾರಿಂದಲೂ ಪುಕ್ಕಟೆ ತೆಗೆದುಕೊಳ್ಳುವವನಲ್ಲ. ಎರಡು, ಮಾವ ಹತ್ತು ಮಾರು ದೂರದಲ್ಲಿ ಕವಳ ಜಗಿಯುತ್ತ ಕೂತಿದ್ದ. ಮೂರು, ಒಳಗೆ ಹಾಕುವ ಅಟ್ಟೆ ಕೊಟ್ಟರೆ ಹೊರಗೆ ಹಾಕಲು ಶೂ ಎಲ್ಲಿದೆ? ನೊಗ ಇಲ್ಲದವನಿಗೆ ಎತ್ತು ಕಟ್ಟುವ ಜೊತೆಗಣ್ಣಿ ಕೊಟ್ಟ ಹಾಗೆ.

ಆದರೆ ತಲೆಯಲ್ಲಿ ಉಬ್ಬು ಕೂತುಬಿಟ್ಟಿತು. ಮರುದಿನ ಶಿರಸಿಯ ಹತ್ತಿರ ತಂಗಿದಾಗ ತರಕಾರಿ ತರುವ ನೆವದಲ್ಲಿ ಪೇಟೆಗೆ ಹೋಗಿ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡೆ. ಅಂಗಡಿಯವನು ಹಾಕಿ ನಡೆದು ನೋಡಿ ಎಂದ. ಅಂಗಡಿಯೊಳಗೆ ಹೊಸ ಮದುಮಗನ ಹಾಗೆ ಕನ್ನಡಿಯವರೆಗೆ ಹೋಗಿ ಬಂದೆ. ಇನ್ನು ಒಳಗಿನ ಅಟ್ಟೆ. ಅಕ್ಕೋರ ಹತ್ತಿರ ಕೇಳಿದರೆ ಮಾನ ಹೋಗುತ್ತದೆ. ನಮ್ಮಲ್ಲಿ ಏನಾದರೂ ಬೇಕಾದಾಗ ಮೊದಲು ಕೈ ಹೋಗುವುದು ಹಾಳೆಗೆ. ಅಡಿಕೆಮರದಿಂದ ಉದುರಿದ ಹಾಳೆ, ಮಳೆಗೆ ಟೊಪ್ಪಿಯಾಗುತ್ತದೆ, ಸೆಕೆಗೆ ಬೀಸಣಿಗೆಯಾಗುತ್ತದೆ, ಊಟಕ್ಕೆ ತಟ್ಟೆಯಾಗುತ್ತದೆ, ಮಕ್ಕಳನ್ನು ಕೂರಿಸಿ ಎಳೆಯಲು ಗಾಡಿಯಾಗುತ್ತದೆ. ಅಟ್ಟೆಯಾಗಲಾರದೇ? ತಂಗಿದ್ದ ಮನೆಯ ತೋಟದಂಚಿನಲ್ಲಿ ಒಳ್ಳೆಯ ದಪ್ಪ ಹಾಳೆ ಆರಿಸಿ, ನೆನೆಸಿ, ಶೂವಿನ ಅಳತೆಗೆ ಕತ್ತರಿಸಿ, ಉಬ್ಬಿಗೆ ಇನ್ನೆರಡು ಪದರ ಮಡಚಿಟ್ಟು ಒಳಗೆ ತುರುಕಿದೆ. ಬೆಳಿಗ್ಗೆ ಹಾಕಿ ನಿಂತರೆ, ಸುಳ್ಳಲ್ಲ, ಯಾರೋ ಪಾದವನ್ನು ಅಂಗೈಯಲ್ಲಿ ಹಿಡಿದ ಹಾಗೆ.

ಒಂದು ಕವಳದಷ್ಟು ದಾರಿ ಸುಖವಾಗಿ ಹೋಯಿತು. ಆಮೇಲೆ ಹಳ್ಳ ದಾಟಿದೆವು. ಹಾಳೆ ಒದ್ದೆಯಾದರೆ ಮೆತ್ತಗೆ, ನುಣ್ಣಗೆ, ಒಳ್ಳೆಯ ಜಾರುಬಂಡಿ. ಶೂ ಮುಂದೆ ಹೋದರೆ ಕಾಲು ಹಿಂದೆ ಉಳಿಯುತ್ತದೆ. ಇದು ನನಗೆ ಗೊತ್ತಿರಬೇಕಿತ್ತು, ಮಕ್ಕಳಾಗಿದ್ದಾಗ ಅದೇ ಹಾಳೆಯ ಮೇಲೆ ಕೂತು ಧರೆಯ ಇಳಿಜಾರಿನಲ್ಲಿ ಜಾರಿದವರೇ ನಾವು. ಮಧ್ಯಾಹ್ನದ ಬಿಸಿಲಿಗೆ ಅದು ಪುನಃ ಒಣಗಿ ಅಂಚುಗಳನ್ನು ಮೇಲಕ್ಕೆತ್ತಿಕೊಂಡಿತು. ನನ್ನ ಎರಡೂ ಪಾದ ಎರಡು ದೊನ್ನೆಯೊಳಗೆ ಕೂತವು. ಹೆಜ್ಜೆ ಇಟ್ಟರೆ ಕಿರ್ರ್, ಎತ್ತಿದರೆ ಕಿಚ್.

ಇಂಥ ತಂಡದಲ್ಲಿ ಹಕ್ಕಿ ನೋಡುವವರು ಒಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಸಾತ್ವಿಕರು, ಎದೆಯ ಮೇಲೆ ದುರ್ಬೀನು. ಅವರು ಥಟ್ಟನೆ ಕೈ ಎತ್ತಿದರು. ಸಾಲು ನಿಂತಿತು. ನಾನೂ ನಿಂತೆ. ಹಕ್ಕಿ ಸುಮ್ಮನಾಯಿತು. ಎಲ್ಲರೂ ಉಸಿರು ಹಿಡಿದು ಮತ್ತಿಮರದ ಕೊಂಬೆಗಳನ್ನು ಹುಡುಕಿದರು. ಏನೂ ಇಲ್ಲ. ಹೊರಟೆವು. ಕಿರ್ರ್, ಕಿಚ್. ಮತ್ತೆ ಕೈ ಎತ್ತಿದರು. ಹಕ್ಕಿ ನಮ್ಮನ್ನೇ ಹಿಂಬಾಲಿಸುತ್ತಿದೆ, ಇದು ಬಹಳ ಅಪರೂಪ ಎಂದು ಪಿಸುಗುಟ್ಟಿದರು. ನಾನೂ ಮೇಲೆ ನೋಡಿದೆ. ಬೇರೆ ಎಲ್ಲಿ ನೋಡಲಿ? ಮಾವ ಬಾಯಲ್ಲಿ ಕವಳ ಇಟ್ಟುಕೊಂಡೇ ಅವರ ಹತ್ತಿರ ಹೋಗಿ, ಮುಖ ಮೇಲಕ್ಕೆತ್ತಿ ಗಂಭೀರವಾಗಿ ಹೇಳಿದ:

"ಅದು ಹಾರೂ ಜಾತಿ ಅಲ್ದ್ರೋ. ನಡೆಯೂ ಜಾತಿ. ತಲೆ ಮೇಲೆ ಗೋಧಿಹಿಟ್ಟಿನ ಚೀಲ ಇರ್ತು."

ತಂಡದಲ್ಲಿ ಗೋಧಿಹಿಟ್ಟಿನ ಚೀಲ ಇದ್ದದ್ದು ನನ್ನ ತಲೆಯ ಮೇಲೆ. ಎಲ್ಲರೂ ಮೊದಲು ಚೀಲ ನೋಡಿದರು, ಆಮೇಲೆ ಶೂ ನೋಡಿದರು. ಬ್ಯಾಂಕಿನವರು ಪಾಪ, ದುರ್ಬೀನನ್ನು ನಿಧಾನವಾಗಿ ಎದೆಯ ಮೇಲೆ ಇಳಿಸಿಕೊಂಡರು. ಆ ನಗುವಿಗೆ ನಿಜವಾದ ಹಕ್ಕಿಗಳೆಲ್ಲ ಎದ್ದು ಹೋದವು.

ಆವತ್ತು ಊಟದ ಜಾಗದಲ್ಲಿ ಅಕ್ಕೋರು ನೀಲಿ ಜೊತೆಯನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಹಟಾ ಸಾಕ್ರಿ ಭಟ್ರ. ತಗೋರಿ" ಎಂದರು. ಬದಲಿಗೆ ಆಯಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿ ಹುಬ್ಬಳ್ಳಿಗೆ ಬರುತ್ತದೆ ಎಂದು ಒಪ್ಪಂದ ಮಾಡಿಕೊಂಡೇ ಮುಟ್ಟಿದೆ. ಅಟ್ಟೆ ಉದ್ದವಾಗಿತ್ತು. ಬೆರಳಿನ ಕಡೆ ಗೆರೆ ಹಾಕಿರುತ್ತಾರೆ, ನಿಮ್ಮ ಅಳತೆಯ ಗೆರೆಯ ಮೇಲೆ ಕತ್ತರಿಸಬೇಕು. ಕತ್ತರಿ ಇರಲಿಲ್ಲ. ಮಾವನ ಸಂಚಿಯಿಂದ ಅಡಕತ್ತರಿ ಎತ್ತಿಕೊಂಡು ಅಡಿಕೆ ಹೋಳು ಮಾಡುವ ಹಾಗೆ ಕಡಿದೆ. ಈಗ ಇಲಿ ಕಚ್ಚಿದ ಹಾಗೆ ಕಾಣುವ ತುದಿ ಅದೇ.

ಮೊದಲ ದಿನ ಸ್ವಲ್ಪ ಹೊತ್ತು ಹಾಕಿ, ಪಾದಕ್ಕೆ ಅಭ್ಯಾಸವಾಗಲಿ ಎಂದು ಅಕ್ಕೋರು ಹೇಳಿದ್ದರು. ನಾನು ಕೇಳಲಿಲ್ಲ. ಸಂಜೆಯವರೆಗೆ ಹಾಕಿ ಮೀನಖಂಡ ಹಿಡಿದುಕೊಂಡಿತು. ಮರುದಿನದಿಂದ ಹೇಳಿದಂತೆ ಮಾಡಿದೆ. ಸ್ವಲ್ಪ ದೂರ ಹಾಕುವುದು, ತೆಗೆಯುವುದು, ರಾತ್ರಿ ಶೂವಿನಿಂದ ಹೊರಗೆ ಎಳೆದು ಗಾಳಿಗೆ ಒಣಗಿಸುವುದು. ಆಮೇಲಿನ ನಡಿಗೆಯನ್ನು ಏನೆಂದು ಹೇಳಲಿ! ತಲೆಯ ಮೇಲೆ ಚೀಲ ಇದೆ ಎಂಬುದು ಮರೆಯುತ್ತಿತ್ತು. ಇಳಿಜಾರಿನಲ್ಲಿ ಪಾದ ಎತ್ತ ಹೋಗಬೇಕೋ ಅತ್ತಲೇ ಹೋಗುತ್ತಿತ್ತು. ಇಪ್ಪತ್ತು ಚಿಲ್ಲರೆ ವರ್ಷ ನೆಲಕ್ಕೆ ಬಿದ್ದುಕೊಂಡಿದ್ದ ಪಾದಕ್ಕೆ ಯಾರೋ ತಲೆದಿಂಬು ಕೊಟ್ಟು ಏಳಿಸಿದ್ದರು.

ಆದರೆ ನೀವು ಆಗಲೇ ಊಹಿಸಿರಬೇಕು. ಮೂರು ಕಲ್ಲು ಹೂಡಿದ ಕೂಡಲೇ ಶೂ ಗೋಡೆಯ ಆಚೆ. ನನ್ನ ಕೆಲಸ ಗೋಡೆಯ ಈಚೆ. ನಡೆಯುವಾಗ ಸಿಕ್ಕ ಸುಖದಿಂದ ಹಿಮ್ಮಡಿಗೆ ಸೊಕ್ಕು ಬಂದು, ಒಲೆಯ ಮುಂದೆ ಮೊದಲಿಗಿಂತ ಹೆಚ್ಚು ಕೂಗಿಕೊಳ್ಳತೊಡಗಿತು. ಒಂದು ಸಂಜೆ ಒಗ್ಗರಣೆ ಹಾಕುವಾಗ ಸಟ್ಟುಗ ಒಲೆಯ ಮೇಲೇ ಬಿಟ್ಟು ಕೂತುಬಿಟ್ಟೆ. ಸಾಸಿವೆ ಸೀದು ಹೋಯಿತು.

"ಕಾಲಿಗೆ ಎಂತ ಆಯ್ದು?" ಎಂದ ಮಾವ.

"ಎಂತೂ ಆಜಿಲ್ಲೆ ಮಾವ."

ಮಾವ ಸೀದ ಸಾಸಿವೆ ಚೆಲ್ಲಿ ಬೇರೆ ಒಗ್ಗರಣೆ ಹಾಕಿದ. ಹಾಕುತ್ತ ನನ್ನ ಕಡೆ ತಿರುಗದೆ ಹೇಳಿದ, ಯಲ್ಲಾಪುರದಲ್ಲಿ ಕೊನೆಯ ದಿನ ಊಟಕ್ಕೆ ಹಾಲುಬಾಯಿ ಮಾಡುವುದು, ಅದನ್ನು ನಾನೊಬ್ಬನೇ ತಿರುವಬೇಕು.

"ಮಧ್ಯ ಕೈ ಬಿಟ್ರೆ ಸಟ್ಟುಗ ಹೇರೂರಿಗೆ ಹೋಗ್ತು. ಆಮೇಲೆ ಬೇಜಾರು ಮಾಡ್ಕಂಬುಲಾಗ."

ಹಾಲುಬಾಯಿ ತಿಂದವರಿಗೆ ಅದು ಮೆತ್ತನೆಯ ವಸ್ತು. ಮಾಡುವವರಿಗಲ್ಲ. ಅಕ್ಕಿ ಕಾಯಿ ರುಬ್ಬಿ ಹಾಲು ತೆಗೆದು, ಬೆಲ್ಲ ಹಾಕಿ ಕೊಪ್ಪರಿಗೆಯಲ್ಲಿ ಒಲೆಗಿಟ್ಟರೆ ತಳ ಬಿಟ್ಟು ಗಟ್ಟಿಯಾಗುವ ತನಕ ತಿರುವುತ್ತಲೇ ಇರಬೇಕು. ಒಂದು ಗಳಿಗೆ ನಿಲ್ಲಿಸಿದರೆ ಗಂಟು, ಎರಡು ಗಳಿಗೆ ನಿಲ್ಲಿಸಿದರೆ ತಳ ಹತ್ತಿ ಹೊಗೆವಾಸನೆ. ನಮ್ಮವರ ಜೊತೆಗೆ ತಂಗುವ ಊರಿನವರಿಗೂ ಊಟ. ಅಷ್ಟು ಜನಕ್ಕೆ ಹಾಲುಬಾಯಿ ಎಂದರೆ ಬೆಳಗಿನಿಂದ ಹೊತ್ತು ನೆತ್ತಿಗೆ ಬರುವವರೆಗೆ ನಿಂತೇ ಇರಬೇಕು, ಕುಂಟೆಯ ಮೇಲೆ ಕಾಲಿಡಲೂ ಪುರುಸೊತ್ತಿಲ್ಲ.

ಕೊನೆಯ ತಂಗುವಿಕೆ ಯಲ್ಲಾಪುರದ ಕಡೆಯ ಒಂದು ಶಾಲೆಯಲ್ಲಿ. ನಾನು ಬಿಟ್ಟುಹೋದ ಶಾಲೆ ಕಡೆಗೂ ನನ್ನನ್ನು ಪರೀಕ್ಷೆಗೆ ಕೂರಿಸಿತಲ್ಲ ಎಂದುಕೊಂಡೆ, ಅಲ್ಲ, ನಿಲ್ಲಿಸಿತು. ಜಗಲಿಯ ಮೇಲೆ ಕೂತು ಎದುರಿಗೆ ನೀಲಿ ಅಟ್ಟೆ ಇಟ್ಟುಕೊಂಡು ನೋಡಿದೆ. ಇದನ್ನು ಶೂವಿನಿಂದ ತೆಗೆದು ಬರಿಗಾಲಿಗೆ ಕಟ್ಟಿಕೊಂಡರೆ? ಆದರೂ ಶೂವಿನೊಳಗೆ ಇದ್ದದ್ದು, ಮೆಟ್ಟಿನ ಸಂತಾನವೇ. ಚೀಲದ ತಳದಲ್ಲಿ ನಗೆಪಾಟಲಾದ ಹಾಳೆಯ ಅಟ್ಟೆ ಇನ್ನೂ ಇತ್ತು. ಅದು ಒದ್ದೆಯಾದರೆ ಮೆತ್ತಗಾಗುತ್ತದೆ, ಒಣಗಿದರೆ ಹೇಗೆ ಒಣಗಿತೋ ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ದಾರಿಯಲ್ಲಿ ಇದೇ ಅದರ ಅಪರಾಧವಾಗಿತ್ತು. ಅದನ್ನೇ ಗುಣ ಮಾಡಿಕೊಂಡರಾಯಿತಲ್ಲ! ಹೊಸದಾಗಿ ಎರಡು ದಪ್ಪ ಹಾಳೆ ತಂದು ಚೆನ್ನಾಗಿ ನೆನೆಸಿದೆ. ನೀಲಿ ಅಟ್ಟೆಯ ಮೇಲೆ ಅದನ್ನು ಹಾಸಿ, ಉಬ್ಬು ತಗ್ಗಿಗೆ ಸರಿಯಾಗಿ ಒತ್ತಿ, ಬಾಳೆನಾರಿನಿಂದ ಬಿಗಿದು ಅಕ್ಕಿಚೀಲದ ಕೆಳಗೆ ಇಟ್ಟು ಮಲಗಿದೆ. ಬೆಳಿಗ್ಗೆ ಬಿಚ್ಚಿದರೆ ಅಚ್ಚಿನಿಂದ ತೆಗೆದ ಸಕ್ಕರೆಗೊಂಬೆಯ ಹಾಗೆ ಉಬ್ಬು ಉಬ್ಬಾಗಿ, ತಗ್ಗು ತಗ್ಗಾಗಿ ಬಂದಿತ್ತು. ಒಲೆಯ ಕಾವಿಗೆ ಹಿಡಿದು ಇನ್ನಷ್ಟು ಗಟ್ಟಿ ಮಾಡಿ, ಬರಿಗಾಲಿನ ಅಡಿಗೆ ಇಟ್ಟು ನಾರಿನಿಂದ ಕಟ್ಟಿಕೊಂಡು ಒಲೆಯ ಹತ್ತಿರ ನಡೆದೆ.

ಮಾವ ಬೆಲ್ಲ ಕುಟ್ಟುತ್ತಿದ್ದವನು ಕೈ ನಿಲ್ಲಿಸಿದ.

"ಎಂತದದು?"

"ಹಾಳೆ."

"ಹಾಳೆ ಹೇಳಿ ಯಂಗೂ ಕಾಣ್ತು. ಮೆಟ್ಟು ಕಟ್ಗಂಡು ಒಲೆ ಹತ್ರ ಬಪ್ಪುದ?"

"ಮೆಟ್ಟು ಅಲ್ಲ ಮಾವ, ಹಾಳೆ. ತಲೆಗೆ ಹಾಕ್ಯಂಡ್ರೆ ಟೊಪ್ಪಿ ಹೇಳ್ತ್ಯ, ಎದುರಿಗೆ ಇಟ್ರೆ ಊಟದ ಬಾಳೆ ಹೇಳಿ ಉಣ್ತ್ಯ. ಕಾಲಡಿಗೆ ಬಂದ್ಕೂಡ್ಲೆ ಮೈಲಿಗೆ ಆಗ್ತ?"

ಮಾವ ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದ. ಉಣ್ಣುವ ಹಾಳೆಯನ್ನು ಮೆಟ್ಟುವುದು ಸರಿಯೋ ಎಂದು ಗೊಣಗಿದ. ಉಂಡ ಹಾಳೆ ಅಲ್ಲ, ಹೊಸ ಹಾಳೆ ಎಂದೆ. ಆಚೆ ಹಲ್ಲುಜ್ಜುತ್ತಿದ್ದ ಅಕ್ಕೋರು ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ನಿಂತು ಕೇಳುತ್ತಿದ್ದರು. ಮಾವ ಕೊಪ್ಪರಿಗೆಗೆ ಹಾಲು ಸುರಿದು, ಉದ್ದ ಸಟ್ಟುಗವನ್ನು ನನ್ನ ಕೈಗೆ ಕೊಟ್ಟು, ಒಂದು ಕವಳ ಹಾಕಿ ಗೋಡೆಗೆ ಒರಗಿದ.

ತಿರುವಿದೆ. ಬಿಸಿಲು ಶಾಲೆಯ ಮೆಟ್ಟಿಲಿನಿಂದ ಅಂಗಳಕ್ಕೆ ಇಳಿಯಿತು. ತೆಳ್ಳಗಿದ್ದ ಹಾಲು ಗಂಜಿಯಾಯಿತು, ಗಂಜಿ ಮುದ್ದೆಯಾಗತೊಡಗಿತು. ನಡೆಯುವವರು ಒಬ್ಬೊಬ್ಬರೇ ಬಂದು ನೋಡಿ ಹೋದರು. ಬ್ಯಾಂಕಿನವರು ಬಂದು ಇವತ್ತು ಹಕ್ಕಿ ಕೂಗುತ್ತಿಲ್ಲವಲ್ಲ ಎಂದರು. ಮೊಟ್ಟೆ ಇಡುತ್ತಿದೆ, ಗದ್ದಲ ಮಾಡಬೇಡಿ ಎಂದೆ. ಹೆಗಲು ಬಿದ್ದುಹೋಯಿತು, ಕಣ್ಣು ಹೊಗೆಗೆ ಉರಿಯಿತು, ಅದೆಲ್ಲ ನನಗೆ ಹೊಸದಲ್ಲ. ಹಿಮ್ಮಡಿ ನೋಯಲಿಲ್ಲ ಎಂದರೆ ಸುಳ್ಳು. ನೋಯಿತು, ಆದರೆ ಮಾತು ಕೇಳುವಷ್ಟು ನೋಯಿತು. ಕೊನೆಗೆ ಹಾಲುಬಾಯಿ ತಳ ಬಿಟ್ಟು ಸಟ್ಟುಗದ ಸುತ್ತ ಒಂದೇ ಮೈಯಾಗಿ ತಿರುಗಿತು. ತುಪ್ಪ ಸವರಿದ ಹರಿವಾಣಕ್ಕೆ ಸುರಿದೆ. ಒಂದು ಗಂಟೂ ಇರಲಿಲ್ಲ.

ಮಾವ ಒಂದು 'ಭೇಷ್' ಅಂದಾನು ಎಂದು ತಿರುಗಿದೆ. ಅವನು ತಂಬಿಗೆಯಿಂದ ಎಡಗಾಲಿಗೆ ನೀರು ಹೊಯ್ದುಕೊಂಡು ಶಾಲೆಯ ಕಲ್ಲುಚಪ್ಪಡಿಯ ಮೇಲೆ ಊರಿ ಎತ್ತಿದ. ಕಾಲಿನಿಂದಲೇ ಆ ಗುರುತನ್ನು ನನಗೆ ತೋರಿಸಿದ. ಬೆರಳು, ಹಿಮ್ಮಡಿ, ನಡುವೆ ಸಂಕ ಇಲ್ಲ. ಪೂರ್ತಿ ಭರ್ತಿ. ಆಯಿಯ ಅಣ್ಣನಲ್ಲವೇ, ರೊಟ್ಟಿ ಎಲ್ಲಿಂದ ಬಂತು ಎಂದು ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಕುಂಟೆಯ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದ ಆ ರಾಜಭಂಗಿಯೂ ಆಗಲೇ ಹೊಳೆಯಿತು. ಒಡ್ಡೋಲಗ ಅಲ್ಲ ಅದು. ನೋಯುವ ಹಿಮ್ಮಡಿಗೆ ಒಂದೊಂದೇ ಸರದಿ ವಿಶ್ರಾಂತಿ.

ಮಾವ ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಹೇಳಿದ:

"ಯಂಗೂ ಒಂದು ಜೊತೆ ಮಾಡ್ಕೊಡು ತಮಾ."

ನೀಲಿ ಅಟ್ಟೆಯ ಅಚ್ಚಿನ ಮೇಲೆ ಮಾವನಿಗೆಂದು ಎರಡನೇ ಜೊತೆ ಎದ್ದದ್ದು ಅವತ್ತೇ ಮಧ್ಯಾಹ್ನ. ಅಕ್ಕೋರು ಅದನ್ನು ನೋಡಿದರೂ ನೋಡದವರ ಹಾಗೆ ಹರಿವಾಣದ ಅಂಚಿನಿಂದ ಹಾಲುಬಾಯಿ ಕಿತ್ತು ತಿನ್ನುತ್ತಿದ್ದರು. ಸಟ್ಟುಗವನ್ನು ಮಾವ ಮತ್ತೆ ನನ್ನ ಕೈಯಿಂದ ಕೇಳಲಿಲ್ಲ. ಹೇರೂರಿನವನು ಈಗ ಜೀಪು ಇಟ್ಟಿದ್ದಾನೆ, ನನ್ನ ಪಾತ್ರೆ ಸಾಗಿಸುವವನು ಅವನೇ. ಮಾವ ಈಗ ದೊಡ್ಡ ಅಡಿಗೆಗೆ ಬಂದರೆ ಕುರ್ಚಿ ಹಾಕಿಸಿಕೊಂಡು ಉಪ್ಪು ನೋಡುತ್ತಾನೆ. ನಿಂತುಕೊಳ್ಳಲು ಆಗದವನ ವಿಷಯದ ಆ ಹಳೆಯ ಮಾತನ್ನು ಕೆಲಸದವರು ನೆನಪಿಸಿದರೆ, ಅದು ಎರಡು ಕಾಲಿನವರಿಗೆ ಹೇಳಿದ್ದು, ಕುರ್ಚಿಗೆ ನಾಲ್ಕಿದೆ ಎನ್ನುತ್ತಾನೆ. ಹುಬ್ಬಳ್ಳಿಗೆ ಪ್ರತಿ ವರ್ಷ ಒಂದು ಭರಣಿ ಅಪ್ಪೆಮಿಡಿ ಹೋಗುತ್ತದೆ. ಚಳಿಗಾಲದಲ್ಲಿ ಅವರು ಬರುತ್ತಾರೆ, ನಾನು ನಡೆಯುತ್ತೇನೆ.

ಸಾವಿತ್ರಿ ಗಂಟನ್ನು ಇನ್ನೂ ಅಟ್ಟಕ್ಕೆ ಸೇರಿಸಿಲ್ಲ, ಇಷ್ಟು ಕಥೆ ಹೇಳಿದ ಮೇಲೆ ಎಲ್ಲಿಡಬೇಕೆಂದು ಅವಳಿಗೂ ತಿಳಿಯದೆ ಕಿಟಕಿಯ ದಂಡೆಯ ಮೇಲಿಟ್ಟಿದ್ದಾಳೆ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟು: ಕೊಪ್ಪರಿಗೆ ನಾಲ್ಕು, ಬಾಣಲೆ ಆರು, ಉದ್ದ ಹಿಡಿಕೆಯ ಸಟ್ಟುಗ ಒಂದು. ಶೂ ಎರಡು ಜೊತೆ. ಶೂವಿನೊಳಗಿನ ಅಟ್ಟೆ, ಈ ಹಳೆಯದೂ ಸೇರಿ ಮೂರು ಜೊತೆ. ಒಲೆಯ ಮುಂದಿನ ಹಾಳೆಯದು, ಗಂಟಿನದೂ ಸೇರಿ ಎರಡು ಜೊತೆ, ಒಂದು ನನ್ನದು, ಒಂದು ಮಾವನದು. ರೊಟ್ಟಿ ಎರಡು.